ತಂಗಿಯ ಕೊರಳಲ್ಲಿ

ರಸ್ತೆಯಲ್ಲಿ ಉಬ್ಬು ಬಂದಾಗಲೆಲ್ಲ ನಾನು ದಿಂಬನ್ನು ಎದೆಗೆ ಅವಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತ ತಂಗಿ ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದಳು. ಅವಳ ಕೊರಳಲ್ಲಿ ಲಿಂಗವಿಡುವ ಎರಡು ಗುಂಡಗಡಿಗೆಗಳಿದ್ದವು, ಒಂದು ಅವಳದು, ಇನ್ನೊಂದು ನನ್ನದು. ಕಾರು ಕುಲುಕಿದರೆ ಬೆಳ್ಳಿಗೆ ಬೆಳ್ಳಿ ತಾಗಿ ಸಣ್ಣ ಸಪ್ಪಳವಾಗುತ್ತಿತ್ತು. ಹಾಗಾಗಬಾರದೆಂದು ಅವಳು ಎರಡರ ನಡುವೆ ಬೆರಳು ತೂರಿಸಿ ಹಿಡಿಯುತ್ತಿದ್ದಳು. ಬೆಂಗಳೂರಿನಿಂದ ಧಾರವಾಡಕ್ಕೆ 400 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು, ಆಗಾಗ ಇಳಿದು ನಡೆಯಿರಿ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಶಿರಾ ದಾಟಿ ಒಮ್ಮೆ, ಚಿತ್ರದುರ್ಗದ ಹತ್ತಿರ ಒಮ್ಮೆ, ರಾಣೆಬೆನ್ನೂರಿನಲ್ಲಿ ಒಮ್ಮೆ ಇಳಿದೆವು. ಪ್ರತಿ ಸಲವೂ ತಂಗಿ ನನ್ನ ಮುಖ ನೋಡುತ್ತಿದ್ದಳು. ಈಗ ಕೇಳುತ್ತೇನೆ, ಈಗ ಕೈ ಚಾಚುತ್ತೇನೆ ಎಂದು ಕಾಯುತ್ತಿದ್ದಳೆಂದು ಕಾಣುತ್ತದೆ. ನಾನು ಕೇಳಲಿಲ್ಲ.

ನನ್ನ ಲಿಂಗ ನನ್ನ ಮೈಬಿಟ್ಟು ಅಂದಿಗೆ 13 ದಿನ.

ಹೊರಗಿನವರಿಗೆ ಇದರಲ್ಲಿ ಅಷ್ಟೊಂದು ಸಂಕಟ ಯಾಕೆ ಎನ್ನಿಸಬಹುದು. ನಮ್ಮ ಲಿಂಗವಂತರಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ನನಗೆ ದೀಕ್ಷೆಯಾದದ್ದು 11ನೆಯ ವಯಸ್ಸಿನಲ್ಲಿ. ಈಗ 68. ಈ ನಡುವೆ ಜಳಕ, ನಿದ್ದೆ, ಎರಡು ಹೆರಿಗೆ, ಯಜಮಾನರ ಸಾವು, 31 ವರ್ಷದ ಮಾಸ್ತರಕಿ, ಯಾವುದರಲ್ಲೂ ಅದು ನನ್ನ ಎದೆ ಬಿಟ್ಟು ಸರಿದಿರಲಿಲ್ಲ. "ಲಿಂಗ ಮೈಮ್ಯಾಲ ಇಲ್ಲಂದ್ರ ಗುಟುಕು ನೀರೂ ಇಳಿಸಬಾರದವ್ವಾ" ಎನ್ನುತ್ತಿದ್ದಳು ನಮ್ಮಾಯಿ. ಅವಳನ್ನು ಮಣ್ಣಿನಲ್ಲಿ ಕೂಡಿಸಿದಾಗ ಎಡ ಅಂಗೈಯಲ್ಲಿ ಲಿಂಗವಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಡೆಗೂ ಅದು ಜೊತೆಗೆ ಹೋಗುವ ವಸ್ತು. ಸಿದ್ಧಾಂತ ಶಿಖಾಮಣಿಯಂಥ ಗ್ರಂಥ ಇನ್ನೂ ಕಟ್ಟುನಿಟ್ಟು: ಎಚ್ಚರ ತಪ್ಪಿ ಲಿಂಗ ಮೈಯಿಂದ ಬಿದ್ದರೆ ಅದರ ಜೊತೆಗೆ ಪ್ರಾಣವನ್ನೂ ಬಿಡಬೇಕೆನ್ನುತ್ತದೆ. ಆ ಮಾತನ್ನು ನಾನು ಅಕ್ಷರಶಃ ಎಂದೂ ಪಾಲಿಸಬೇಕೆಂದುಕೊಂಡವಳಲ್ಲ. ಆದರೂ ಕೇಳುತ್ತ ಬೆಳೆದ ಮಾತು ಎಲುಬಿನಲ್ಲಿ ಉಳಿದಿರುತ್ತದೆ.

ಹೃದಯದ ಆಪರೇಶನ್ನಿನ ದಿನ ಬೆಳಗಿನ ಐದಕ್ಕೆ ನರ್ಸ್ ಬಂದಳು. ಕೇರಳದ ಹುಡುಗಿ, ಕನ್ನಡವನ್ನು ಮೆಲ್ಲಗೆ, ಮುದ್ದಾಗಿ ಆಡುತ್ತಿದ್ದಳು. ಔಷಧದ ಸಾಬೂನಿನಿಂದ ಜಳಕ ಮಾಡಿಸಿ, ಹಣೆಯ ವಿಭೂತಿ ಒರೆಸಿ, "ಅಮ್ಮಾ, ಮೈಮೇಲೆ ಏನೂ ಇರಬಾರದು" ಎಂದು ಒಂದು ಪ್ಲಾಸ್ಟಿಕ್ ಚೀಲ ಹಿಡಿದಳು. ಚೀಲದ ಮೇಲೆ ನನ್ನ ನಂಬರಿನ ಚೀಟಿ. ಎದೆ ಸೀಳುವ ಜಾಗದಲ್ಲೇ ಸರಿಯಾಗಿ ಗುಂಡಗಡಿಗೆ ತೂಗುತ್ತಿತ್ತು. ಶಿವದಾರ ಬಿಚ್ಚಲು ನನ್ನ ಬೆರಳು ಏಳಲಿಲ್ಲ. ತಂಗಿಯೇ ಬಿಚ್ಚಿದಳು. ಚೀಲದೊಳಗೆ ಹಾಕಲಿಲ್ಲ. ತನ್ನ ಕೊರಳಿಗೆ ಹಾಕಿಕೊಂಡಳು.

ಒಂದು ಅಂಗಕ್ಕೆ ಒಂದೇ ಲಿಂಗ, ಇದು ನಮ್ಮಲ್ಲಿ ಮೂಲದ ನೇಮ. ಅದನ್ನು ನೆನಪಿಸಿದೆ. ಅವಳು ದಾರಕ್ಕೆ ಗಂಟು ಹಾಕುತ್ತಲೇ ಹೇಳಿದಳು: "ಅಕ್ಕಾ, ಅದು ನಂದಲ್ಲ, ನಿಂದು. ನಾ ಬರೇ ಗೂಟ. ಗೂಟಕ್ಕ ಎಷ್ಟ ತೂಗ ಹಾಕಿದ್ರೂ ನಡೀತದ."

ಆ ಮಾತು ಕಿವಿಯಲ್ಲಿರುವಾಗಲೇ ನನ್ನನ್ನು ಒಳಗೆ ತಳ್ಳಿಕೊಂಡು ಹೋದರು.

ಮಹಾಧಮನಿಯ ಬಾಯಿಯಲ್ಲಿರುವ ನನ್ನ ಕವಾಟ ಸುಣ್ಣಗಟ್ಟಿ ಕಲ್ಲಿನಂತಾಗಿತ್ತು. ಧಾರವಾಡದ ಮಾಳಮಡ್ಡಿಯ ಏರು ಹತ್ತುವಾಗ ಎರಡು ಸಲ ಕಣ್ಣು ಕತ್ತಲೆ ಬಂದು ಕೂತದ್ದೇ ಅದರ ಸೂಚನೆ. ಬೆಂಗಳೂರಿನ ಡಾಕ್ಟರ್ ಮೇಜಿನ ಮೇಲೆ ಬದಲಿ ಕವಾಟದ ಎರಡು ಮಾದರಿ ಇಟ್ಟು ತಿಳಿಸಿ ಹೇಳಿದ್ದರು. ಒಂದು ಯಾಂತ್ರಿಕ ವಾಲ್ವ್: ಬಹುಕಾಲ ಬಾಳುತ್ತದೆ, ಆದರೆ ಸಾಯುವ ತನಕ ರಕ್ತ ತಿಳಿಮಾಡುವ ಗುಳಿಗೆ ನುಂಗಬೇಕು. ಇನ್ನೊಂದು ದನದ ಹೃದಯದ ಹೊರಪೊರೆಯಿಂದ ಮಾಡಿದ್ದು. ಸಾಮಾನ್ಯವಾಗಿ 10-15 ವರ್ಷ ಬಾಳಿಕೆ, ನನ್ನ ವಯಸ್ಸಿಗೆ ಅದೇ ವಾಸಿ. ಆ ಎರಡನೆಯದನ್ನು ಕೈಯಲ್ಲಿ ಹಿಡಿದು ನೋಡಿದೆ. ತೆಳ್ಳಗಿನ, ಕೆನೆಬಣ್ಣದ ಮೂರು ಎಸಳು. ನಡುವೆ ಕೂಡುತ್ತವೆ, ಬಿಚ್ಚುತ್ತವೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ನನಗೆ ಥಟ್ಟನೆ ಬಿಲ್ವಪತ್ರೆ ನೆನಪಾಯಿತು. ಹಾಗೆ ನೆನಪಾದದ್ದಕ್ಕೆ ಹೆದರಿಕೆಯೂ ಆಯಿತು. ಮೊಟ್ಟೆಯನ್ನೂ ಮುಟ್ಟದೆ ಬೆಳೆದವಳು ನಾನು. ಒಂದು ರಾತ್ರಿ ಸಮಯ ಕೇಳಿ, ಬೆಳಗ್ಗೆ ಆಗಲಿ ಎಂದೆ. ಬದುಕಬೇಕೆಂಬ ಆಸೆ ಇತ್ತು. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಒಳಗೆ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಎದೆಯ ನಡುವಿನ ಎಲುಬನ್ನು ಗರಗಸದಿಂದ ಉದ್ದಕ್ಕೆ ಕೊಯ್ದು ತೆರೆಯುತ್ತಾರೆ. ಮೈಯ ರಕ್ತವನ್ನೆಲ್ಲ ಕೊಳವೆಗಳ ಮೂಲಕ ಒಂದು ಯಂತ್ರಕ್ಕೆ ತಿರುಗಿಸುತ್ತಾರೆ. ಅಲ್ಲಿ ಆಮ್ಲಜನಕ ಕೂಡಿಕೊಂಡು ರಕ್ತ ಮರಳಿ ಮೈಗೆ ಬರುತ್ತದೆ. ಬಳಿಕ ಪೊಟ್ಯಾಸಿಯಂ ಬೆರೆತ ದ್ರಾವಣವನ್ನು ಹೃದಯಕ್ಕೆ ಹರಿಸಿದರೆ ಅದು ಬಡಿಯುವುದನ್ನು ನಿಲ್ಲಿಸುತ್ತದೆ. ಇಂಥ ಯಂತ್ರದ ಆಸರೆಯಲ್ಲಿ ಮನುಷ್ಯರ ಹೃದಯದ ಆಪರೇಶನ್ ಮೊದಲು ಯಶಸ್ವಿಯಾದದ್ದು 1953ರಲ್ಲಿ. ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಸರ್ಜನ್ 18 ವರ್ಷದ ಹುಡುಗಿಗೆ ಮಾಡಿದರು. 26 ನಿಮಿಷ ಆ ಹುಡುಗಿಯ ಹೃದಯ ಮತ್ತು ಪುಪ್ಪುಸದ ಕೆಲಸವನ್ನು ಪೂರ್ತಿಯಾಗಿ ಯಂತ್ರವೇ ಮಾಡಿತು. ನನ್ನ ಹೃದಯ ನಿಂತದ್ದು 78 ನಿಮಿಷ. ಅಷ್ಟು ಹೊತ್ತು ನನ್ನ ರಕ್ತ ಓಡಿಸಿದವರು ಯಾರೆಂದು ವಾರ್ಡಿಗೆ ಬಂದ ಮೇಲೆ ಕೇಳಿದೆ. ಡಾಕ್ಟರ್ ನಕ್ಕು, ಹೊರಗೆ ಊಟದ ಡಬ್ಬಿ ಹಿಡಿದು ಹೋಗುತ್ತಿದ್ದ ಒಬ್ಬ ಹುಡುಗಿಯನ್ನು ತೋರಿಸಿದರು. ಯಂತ್ರದ ಮುಂದೆ ಕೂತು ಅದನ್ನು ನಡೆಸಿದವಳು ಅವಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನನ್ನ ಶಾಲೆಯಲ್ಲಿ ಅವಳಂಥ ಹುಡುಗಿಯರಿಗೆ ನಾನು ವ್ಯಾಕರಣ ಕಲಿಸಿದ್ದೇನೆ.

ನನ್ನನ್ನು ಕಾಡಿದ ಪ್ರಶ್ನೆ ಹುಟ್ಟಿದ್ದು ಆಗಲೇ. ಬಸವಣ್ಣನವರದೊಂದು ವಚನವನ್ನು ಎಂಟನೆಯ ತರಗತಿಗೆ ವರ್ಷ ವರ್ಷವೂ ಹೇಳಿಕೊಟ್ಟಿದ್ದೆ. ನಮ್ಮ ಊಟವನ್ನು ನಾವೇ ಉಣ್ಣಬೇಕು, ಲಿಂಗಕ್ಕೆ ಮಾಡುವ ನಿತ್ಯನೇಮವೂ ಹಾಗೆಯೇ, ಬೇರೆಯವರಿಂದ ಮಾಡಿಸುವಂಥದ್ದಲ್ಲ ಎಂಬ ಅರ್ಥದ ವಚನ ಅದು. ಮಕ್ಕಳಿಗೆ ಕೂಡಲೇ ತಿಳಿಯುತ್ತಿತ್ತು. "ನಿನ್ನ ಹಸಿವಿಗೆ ನಿನ್ನ ಗೆಳತಿ ಉಂಡರೆ ಹೊಟ್ಟೆ ತುಂಬುತ್ತದೇನು?" ಎಂದರೆ ಇಡೀ ತರಗತಿ "ಇಲ್ರೀ ಟೀಚರ್" ಎನ್ನುತ್ತಿತ್ತು. ವಚನದ ಬಲವೆಲ್ಲ ಆ "ಇಲ್ಲ"ದಲ್ಲಿದೆ. ಆಗದ ಕೆಲಸವನ್ನು ತೋರಿಸಿ, ಇದೂ ಅಷ್ಟೇ ಆಗದ್ದು ಎನ್ನುತ್ತದೆ.

ಈಗ ನನ್ನ ಮಟ್ಟಿಗೆ ಅದು ಆಗಿಬಿಟ್ಟಿತ್ತು. ನನ್ನ ಉಸಿರನ್ನು ವೆಂಟಿಲೇಟರ್ ಆಡಿತ್ತು. ನನ್ನ ಅನ್ನವನ್ನು ಸಲಾಯಿನ್ ಬಾಟಲಿ ಉಣಿಸಿತ್ತು. ನನ್ನ ಹೃದಯದ ಬಡಿತವನ್ನು ಹೆಸರು ಗೊತ್ತಿಲ್ಲದ ಒಬ್ಬ ಹುಡುಗಿ 78 ನಿಮಿಷ ನಡೆಸಿದ್ದಳು. ಮೈಯಲ್ಲಿ ಹರಿಯುತ್ತಿದ್ದುದರಲ್ಲಿ ಎರಡು ಬಾಟಲಿ ರಕ್ತ ಅಣ್ಣನ ಮಗನ ಕಚೇರಿಯ ಗೆಳೆಯರದು. ಅತ್ತ ನನ್ನ ನಿತ್ಯನೇಮವನ್ನು ತಂಗಿ ನಡೆಸುತ್ತಿದ್ದಳು. ಬೆಳಗಿನ ನಾಲ್ಕೂವರೆಗೆ ಎದ್ದು, ಆಸ್ಪತ್ರೆಯ ಸಂಬಂಧಿಕರ ಜಳಕದ ಕೋಣೆಯಲ್ಲಿ ತಣ್ಣೀರು ಸುರಿದುಕೊಂಡು, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಚಾಪೆ ಹಾಸಿ ಕೂತು, ಮೊದಲು ನನ್ನದನ್ನು ಅಂಗೈಗಿಟ್ಟುಕೊಂಡು ಪೂಜೆ ಮಾಡಿ, ಅದನ್ನು ಮುಚ್ಚಿದ ಮೇಲೆ ತನ್ನದನ್ನು ತೆಗೆಯುತ್ತಿದ್ದಳು. ಒಂದು ದಿನವೂ ಎರಡನ್ನೂ ಒಟ್ಟಿಗೆ ತೆಗೆಯಲಿಲ್ಲವಂತೆ. ಐದನೆಯ ದಿನ ವಾರ್ಡಿನಲ್ಲಿ ನನ್ನ ಹಣೆಗೆ ವಿಭೂತಿ ಹಚ್ಚಿ, ಈಗ ಹಾಕೋತೀಯೇನು ಎಂದಳು. ನಾನು ತಲೆ ಅಲ್ಲಾಡಿಸಿದೆ.

ಯಾಕೆ ಬೇಡವೆಂದೆ? ಮೈಯೆಲ್ಲ ಕೊಳವೆ, ಹಾಸಿಗೆಯಲ್ಲೇ ಬೆಡ್‌ಪ್ಯಾನು, ತಲೆ ತೊಳೆದು ವಾರವಾಗಿತ್ತು. ಆದರೆ ಅದು ನೆಪ. ಲಿಂಗವಂತರಿಗೆ ಪಂಚಸೂತಕವಿಲ್ಲವೆಂದು ಕಲಿತವಳು, ಕಲಿಸಿದವಳು ನಾನು. ನಿಜವಾದ ಕಾರಣ ಬೇರೆ ಇತ್ತು. ನನ್ನದಾಗಿ ಏನು ಉಳಿದಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಎಲ್ಲವನ್ನೂ ಮತ್ತೊಬ್ಬರು ಮಾಡಬಲ್ಲರಾದರೆ ಅಂಗೈಯಲ್ಲಿ ಲಿಂಗ ಹಿಡಿದು ಕೂರಬೇಕಾದ ಆ "ತಾನು" ಯಾರು? ಹೃದಯ ನಿಂತ ಆ ಹೊತ್ತಿನಲ್ಲಿ ನನಗೆ ಬೆಳಕು ಕಾಣಲಿಲ್ಲ, ತೀರಿದವರು ಕಾಣಲಿಲ್ಲ, ಶಿವ ಕಾಣಲಿಲ್ಲ. ಕನಸೂ ಇರಲಿಲ್ಲ. ಕೇಳಿದವರಿಗೆಲ್ಲ ಇದನ್ನೇ ಹೇಳಿದ್ದೇನೆ, ಅವರ ಮುಖ ಸಣ್ಣದಾದದ್ದನ್ನೂ ನೋಡಿದ್ದೇನೆ.

ಈ ತೊಡಕಿನ ಒಂದು ಎಳೆ ಬಿಚ್ಚಿಕೊಂಡದ್ದು ಕೆಮ್ಮಿನಿಂದ. ಆಪರೇಶನ್ ಆದವರು ಕೆಮ್ಮಿ ಕಫ ಹೊರಹಾಕದಿದ್ದರೆ ಪುಪ್ಪುಸದಲ್ಲಿ ಅದು ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಫಿಜಿಯೋಥೆರಪಿಯ ಹುಡುಗ ದಿನಕ್ಕೆ ಮೂರು ಸಲ ಬರುತ್ತಿದ್ದ. ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ, ಈಗ ಕೆಮ್ಮಿ, ಎನ್ನುತ್ತಿದ್ದ. ಉಕ್ಕಿನ ತಂತಿಗಳಿಂದ ಬಿಗಿದ ಎಲುಬು ಒಳಗೆ ಕಿರುಗುಟ್ಟಿದ ಹಾಗೆ ನೋವು. ನಾನು ಗಂಟಲಲ್ಲೇ ಸಣ್ಣಗೆ ಕೆಮ್ಮಿ ಮುಗಿಸುತ್ತಿದ್ದೆ. ಒಂದು ಸಂಜೆ ಅವನು ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದ: "ಅಮ್ಮಾ, ನಿಮಗಾಗಿ ನಾವು ಎಲ್ಲಾ ಮಾಡಿದೀವಿ. ಕೆಮ್ಮೋದು ಮಾತ್ರ ನೀವೇ ಮಾಡಬೇಕು." ಆಮೇಲೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟ. ನಳಿಗೆಯಿಂದ ಉಸಿರು ಒಳಗೆಳೆದರೆ ಚೆಂಡು ಒಂದೊಂದಾಗಿ ಏಳುವ ಸಾಧನ ಅದು. ಮೊದಲ ದಿನ ಒಂದು ಚೆಂಡೂ ಅಲುಗಲಿಲ್ಲ. ತಂಗಿ ಪಕ್ಕದಲ್ಲಿ ಕೂತು ತಾನೂ ಉಸಿರೆಳೆಯುತ್ತಿದ್ದಳು, ತಾನು ಎಳೆದರೆ ನನ್ನ ಚೆಂಡು ಏಳಬಹುದೆಂಬಂತೆ. ಏಳಲಿಲ್ಲ. ಮರುದಿನ ನಸುಕಿನಲ್ಲಿ ನಾನೊಬ್ಬಳೇ ಎಚ್ಚರಿದ್ದಾಗ ಮೊದಲನೆಯ ಚೆಂಡು ಎದ್ದು ಒಂದು ಕ್ಷಣ ನಿಂತು ಬಿತ್ತು. ಆ ಕ್ಷಣ ಆ ವಚನ ನನಗೆ ಮರಳಿ ಸಿಕ್ಕಿತೆಂದು ನಂಬಿದ್ದೇನೆ. ಮಾಡಬಲ್ಲವರು ಮಾಡದೆ ಇನ್ನೊಬ್ಬರನ್ನು ಹಚ್ಚುವುದು ಬಸವಣ್ಣನವರಿಗೆ ಒಪ್ಪಿಗೆಯಿರಲಿಲ್ಲ. ಮಾಡಲಾರದೆ ಬಿದ್ದವಳ ನೇಮವನ್ನು ಇನ್ನೊಬ್ಬಳು ಎತ್ತಿ ಹಿಡಿದರೆ ಅವರು ಏನೆನ್ನುತ್ತಿದ್ದರೋ, ಆ ವಚನ ಹೇಳುವುದಿಲ್ಲ. ಪಾಠ ಮಾಡುವಾಗ ಆ ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ.

ಧಾರವಾಡಕ್ಕೆ ಮುಟ್ಟಿದಾಗ ಸಂಜೆ ಏಳು. ಜೂನಿನ ಮೊದಲ ಮಳೆ ಬಂದು ಹೋಗಿ ಅಂಗಳದ ಮಾವಿನ ಮರ ತೊಟ್ಟಿಕ್ಕುತ್ತಿತ್ತು. ಬಾಗಿಲ ಮುಂದೆ ನೆರೆಮನೆಯಾಕೆ ಆರತಿ ಹಿಡಿದು ನಿಂತಿದ್ದರು. ಒಳಗೆ ಬಂದು ಮಂಚದ ಮೇಲೆ ಕೂತವಳೇ ಅತ್ತುಬಿಟ್ಟೆ. ಬಹಳ ಹೊತ್ತು ಅಳಲಾಗುವುದಿಲ್ಲ, ಎದೆ ಜಗ್ಗುತ್ತದೆ. ಮನೆಗೆ ಬಂದ ಮೇಲಿನ ದಿನಗಳ ಕಟ್ಟಳೆ ನಮ್ಮ ಯಾವ ವ್ರತಕ್ಕೂ ಕಡಿಮೆಯಿಲ್ಲ: ಎಲುಬು ಕೂಡುವ ತನಕ, ಅಂದರೆ ಎರಡು ಮೂರು ತಿಂಗಳು, ಅಂಗಾತವೇ ಮಲಗಬೇಕು, ಭಾರ ಎತ್ತಬಾರದು, ಕೈಯೂರಿ ಏಳಬಾರದು, ರೊಟ್ಟಿ ಬಡಿಯುವ ಮಾತೇ ಇಲ್ಲ.

ನೋಡಲು ಬಂದವರಲ್ಲಿ ನಮ್ಮ ಸೋದರತ್ತೆಯೂ ಒಬ್ಬರು, 84 ವರ್ಷ, ನೇಮದಲ್ಲಿ ಕೂದಲೆಳೆಯಷ್ಟೂ ಸಡಿಲಿಲ್ಲದವರು. ತಂಗಿಯ ಕೊರಳು ನೋಡಿದರು, ನನ್ನ ಕೊರಳು ನೋಡಿದರು. "ಮತ್ತೊಮ್ಮೆ ದೀಕ್ಷೆ ತಗೋಬೇಕಾಗ್ತದ ನೀನು" ಎಂದರು. ಬಳಿಕ, "ಎದ್ಯಾಗ ಏನ್ ಹಾಕ್ಯಾರ?" ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವರು ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟರು, ಮತ್ತೆ ಎತ್ತಲಿಲ್ಲ. ಹೋಗುವಾಗ ಮಾತ್ರ ಬಾಗಿಲಲ್ಲಿ ನಿಂತು, "ಜ್ವಾಕಿಯಿಂದ ಇರವ್ವಾ" ಎಂದರು, ದನಿ ಒಡೆದಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ರಾತ್ರಿ ನನಗೂ ಆ ಬಟ್ಟಲು ಕಣ್ಣ ಮುಂದೆ ಇತ್ತು.

ಅಂಗಾತ ಮಲಗಿ ಜಂತಿ ನೋಡುತ್ತ ಯೋಚಿಸಿದೆ. ಪ್ರಾಣಿಯ ಪೊರೆ ಹಾಗೇ ಇಟ್ಟರೆ ಮನುಷ್ಯರ ಮೈ ಅದನ್ನು ಒಲ್ಲೆನ್ನುತ್ತದೆ, ಕೆಡಿಸುತ್ತದೆ. ಅದನ್ನು ಗ್ಲುಟರಾಲ್ಡಿಹೈಡ್ ಎಂಬ ದ್ರಾವಣದಲ್ಲಿ ನೆನೆಸಿ ಹದಮಾಡುವ ದಾರಿಯನ್ನು 1960ರ ದಶಕದಲ್ಲಿ ತೋರಿಸಿಕೊಟ್ಟವರು ಪ್ಯಾರಿಸ್ಸಿನ ಸರ್ಜನ್ ಅಲೆನ್ ಕಾರ್ಪೆಂಟಿಯರ್. ಅದೇ ದ್ರಾವಣ ಚರ್ಮ ಹದಮಾಡುವವರಲ್ಲೂ ಬಳಕೆಯಲ್ಲಿದೆ. ಅಂದಮೇಲೆ ನನ್ನ ಎದೆಯೊಳಗೆ ಈಗ ತೆರೆದು ಮುಚ್ಚುತ್ತಿರುವುದು ಹದಮಾಡಿದ ಚರ್ಮದ ಬಳಗದ್ದೇ. ಹದಮಾಡುವವರನ್ನು ನಮ್ಮ ಕಡೆ ಢೋರರು ಎನ್ನುತ್ತಾರೆ. ಕಲ್ಯಾಣದ ಶರಣರಲ್ಲಿ ಡೋಹರ ಕಕ್ಕಯ್ಯ ಆ ಕಾಯಕದವನು. ಮಾದಾರ ಚೆನ್ನಯ್ಯನನ್ನು, ಕಕ್ಕಯ್ಯನನ್ನು ಬಸವಣ್ಣ ತನ್ನ ಹಿರಿಯರೆಂದು, ನೆಂಟರೆಂದು ಹೇಳಿಕೊಂಡ. ನಾನೂ ಶಾಲೆಯ ಭಾಷಣದಲ್ಲಿ ಹಾಗೆ ಹೇಳಿದ್ದೇನೆ, ಪ್ರತಿ ಬಸವ ಜಯಂತಿಗೆ. ಆದರೆ ನನ್ನ ಮನೆಯ ಹೊಸ್ತಿಲೊಳಗೆ, ನನ್ನ ಅಡುಗೆಮನೆಯೊಳಗೆ ಆ ಕಾಯಕದ ಮನೆತನದವರು ಯಾರಾದರೂ ಬಂದು ಕೂತು ಉಂಡದ್ದುಂಟೇ ಎಂದು ಕೇಳಿಕೊಂಡೆ. 68 ವರ್ಷದಲ್ಲಿ ಒಮ್ಮೆಯೂ ಇಲ್ಲ. ನಾನು ತಡೆದಿರಲಿಲ್ಲ, ಕರೆದೂ ಇರಲಿಲ್ಲ. ಇಷ್ಟು ವರ್ಷ ಭಾಷಣದಲ್ಲಿ ನೆಂಟನಾಗಿದ್ದ ಕಕ್ಕಯ್ಯನ ಕಾಯಕದಿಂದ ಈಗ ನನ್ನ ಉಸಿರು ನಡೆದಿದೆ. ನನಗೆ ನಾಚಿಕೆಯಾಯಿತು.

ಆದರೆ ಅಲ್ಲಿಗೇ ಮುಗಿಯಲಿಲ್ಲ. ಹರಳಯ್ಯ ಮತ್ತು ಕಲ್ಯಾಣಮ್ಮನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗಂಡ ಬಲತೊಡೆಯ, ಹೆಂಡತಿ ಎಡತೊಡೆಯ ಚರ್ಮ ಕೊಟ್ಟು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು. ಬಸವಣ್ಣ ಅವನ್ನು ಮೆಟ್ಟಲಾರದೆ ತಲೆಯ ಮೇಲೆ ಹೊತ್ತ. ಅವರು ತಾವಾಗಿ ಕೊಟ್ಟದ್ದು. ನನ್ನ ಎದೆಯಲ್ಲಿರುವುದನ್ನು ಆ ಜೀವ ಕೊಡಲಿಲ್ಲ, ಅದರಿಂದ ತೆಗೆದುಕೊಂಡದ್ದು. ಆಕಳೋ, ಎತ್ತೋ, ಅದೂ ತಿಳಿಯದು. ದಯೆಯ ಧರ್ಮದಲ್ಲಿ ಬೆಳೆದವಳು ಇದಕ್ಕೆ ಏನು ಹೇಳಲಿ? ಹೇಗಿದ್ದರೂ ಮಾಂಸಕ್ಕೆ ಕಡಿದದ್ದು, ಪೊರೆ ಬಿಸಾಡುವುದಿತ್ತು ಎಂದು ಅಳಿಯ ಸಮಾಧಾನ ಹೇಳಿದ. ಅವನ ಪ್ರೀತಿ ದೊಡ್ಡದು, ಆದರೆ ಆ ಸಮಾಧಾನ ನನಗೆ ಹಿಡಿಸಲಿಲ್ಲ. ಒಂದು ಹೃದಯವನ್ನು ಸುತ್ತಿ ಕಾಪಾಡಿದ ಪೊರೆ ಅದು. ಆ ಹೃದಯ ನಿಂತದ್ದರಿಂದ ನನ್ನದು ನಡೆದಿದೆ. ಈ ಸಾಲವನ್ನು ತೀರಿಸುವ ದಾರಿ ನನಗೆ ಕಾಣದು. ತೀರಿತೆಂದು ಯಾರಾದರೂ ಹೇಳಿದರೆ ಒಪ್ಪಲಾರೆ.

ಮನೆಗೆ ಬಂದ ಎಂಟನೆಯ ದಿನ ತಂಗಿಗೆ ಕೈ ಚಾಚಿದೆ. ಮರುದೀಕ್ಷೆಯ ಮಾತನ್ನು ಯಾವ ಸ್ವಾಮಿಗಳಿಗೂ ಕೇಳಲಿಲ್ಲ, ಮುಂದೆಯೂ ಕೇಳುವುದಿಲ್ಲ. ಲಿಂಗ ನೆಲಕ್ಕೆ ಬಿದ್ದಿರಲಿಲ್ಲ, ಚೀಲ ಸೇರಿರಲಿಲ್ಲ. ಒಂದು ಬಡಿಯುವ ಎದೆಯಿಂದ ಇಳಿಯದೆ ಇತ್ತು. ನನ್ನ ಎದೆ ಬಡಿಯದೆ ಇದ್ದಾಗಲೂ. ಗಾಯಕ್ಕೆ ಏನೂ ತಾಗಬಾರದೆಂದು ಡಾಕ್ಟರ್ ಹೇಳಿದ್ದರಿಂದ ಎಲ್ಲಿ ಧರಿಸುವುದೆಂಬ ಪ್ರಶ್ನೆ ಬಂತು. ಪ್ರಾಣ ಬಿಡು ಎಂದ ಅದೇ ಸಿದ್ಧಾಂತ ಶಿಖಾಮಣಿ ಲಿಂಗಧಾರಣೆಗೆ ತಲೆ, ಕೊರಳು, ಕಂಕುಳು, ಎದೆ, ಹೊಟ್ಟೆ, ಅಂಗೈ ಎಂದು ಆರು ಎಡೆ ಹೇಳುತ್ತದೆ, ಹೊಕ್ಕುಳಿನ ಕೆಳಗೆ ಬೇಡ ಎನ್ನುತ್ತದೆ. ತಂಗಿ ಶಿವದಾರ ಉದ್ದ ಮಾಡಿ, ಬಲಹೆಗಲಿನಿಂದ ಇಳಿಬಿಟ್ಟು, ಎಡ ಕಂಕುಳಿನ ಕೆಳಗೆ ಬರುವ ಹಾಗೆ ಹೊಂದಿಸಿದಳು. ದಾರ ಗಾಯ ಮುಟ್ಟುವಲ್ಲಿ ಮೆತ್ತನೆಯ ಅರಿವೆ ಮಡಚಿ ಇಟ್ಟಳು.

ಅಂಗೈಯಲ್ಲಿಟ್ಟು ನೋಡುತ್ತ ಕೂತೆ. ಲಿಂಗದ ಕರಿಯ ಮೇಲ್ಮೈಯಲ್ಲಿ ಕಿಟಕಿಯ ಬೆಳಕಿನ ಚುಕ್ಕೆ. ಎರಡು ನಿಮಿಷಕ್ಕೆ ತೋಳು ನಡುಗಲು ಹತ್ತಿತು. ಲಿಂಗ ಅಲ್ಲಾಡಿತು, ಚುಕ್ಕೆಯೂ ಅಲ್ಲಾಡಿತು. ತಂಗಿ ಏನೂ ಮಾತಾಡದೆ ತನ್ನ ಬಲಗೈಯನ್ನು ನನ್ನ ಎಡಗೈಯ ಕೆಳಗೆ ತಂದು ಆನಿಸಿದಳು. ನೋಡುವವಳು ನಾನು, ಹೊರುವವಳು ಅವಳು. ಬೇಡ ಎನ್ನಬೇಕೆಂದು ನನಗೆ ಅನಿಸಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಅದಾಗಿ ಒಂಬತ್ತು ದಿನಕ್ಕೆ ಬಂತು. ತಂಗಿ ಕುಂಬಾರರ ಮನೆಯಿಂದ ಒಂದು ಜೋಡಿ ಮಣ್ಣಿನ ಎತ್ತು, ಅವಕ್ಕೆ ಮೇವಿನ ಒಂದು ಗ್ವಾದಲಿ ತಂದು ಜಗಲಿಯ ಮೇಲಿಟ್ಟಳು. ನನ್ನ ಕೈ ಅಷ್ಟು ಎತ್ತರ ಹೋಗುವುದಿಲ್ಲ. ಅವಳು ಅವನ್ನು ಕೆಳಗಿಳಿಸಿ ನನ್ನ ಮುಂದೆ ಮಣೆಯ ಮೇಲಿಟ್ಟು ಒಲೆಯ ಕಡೆ ಹೋದಳು. ಮಣ್ಣು ಇನ್ನೂ ಪೂರ್ತಿ ಒಣಗಿರಲಿಲ್ಲ, ಮುಟ್ಟಿದರೆ ತಣ್ಣಗಿತ್ತು. ಎರಡಕ್ಕೂ ವಿಭೂತಿ ಹಚ್ಚಿದೆ. ಬಲಗಡೆಯದರ ಎದೆಯ ಮೇಲೆ, ಮುಂಗಾಲುಗಳ ನಡುವೆ, ಕುಂಬಾರನ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು. ನನ್ನ ಬೆರಳನ್ನು ಅದರಲ್ಲಿಟ್ಟುಕೊಂಡು, ತಂಗಿ ಕಡಬು ತರುವ ತನಕ ಕೂತಿದ್ದೆ.